ಕಾಂಪೌಂಡರರ ಕಿಟಕಿಯೂ ಮನೆಬಾಗಿಲ ಔಷಧವೂ

ಕಳೆದ ಯುಗಾದಿಯಂದು ಅರಸೀಕೆರೆಯ ನಮ್ಮ ಮನೆಯಲ್ಲಿ ಒಬ್ಬಟ್ಟಿನ ಊಟ ಮುಗಿದ ಮೇಲೆ ಸಣ್ಣದೊಂದು ವಾಗ್ವಾದ ನಡೆಯಿತು. ವಾದಿಸಿದವರು ಮೂವರು. ಮೂವರೂ ನಾಳೆ ಫಾರ್ಮಸಿಸ್ಟರಾಗಲಿರುವ ಮಕ್ಕಳು. ಒಬ್ಬಳು ನನ್ನ ತಮ್ಮನ ಮೊಮ್ಮಗಳು, ಮೈಸೂರಿನಲ್ಲಿ ಫಾರ್ಮ್.ಡಿ. ಓದುತ್ತಿದ್ದಾಳೆ. ಎರಡನೆಯವನು ನನ್ನ ಸೋದರಳಿಯನ ಮಗ, ಬೆಂಗಳೂರಿನಲ್ಲಿ ಬಿ.ಫಾರ್ಮ್. ಕೊನೆಯ ವರ್ಷದಲ್ಲಿದ್ದಾನೆ. ಮೂರನೆಯವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ, ಹಾಸನದಲ್ಲಿ ಡಿ.ಫಾರ್ಮ್. ವ್ಯಾಸಂಗ ಮಾಡುತ್ತಿರುವವನು, ಹಬ್ಬದ ದಿನ ನಮಸ್ಕಾರ ಮಾಡಿ ಹೋಗೋಣವೆಂದು ಬಂದಿದ್ದ. ಅವನ ತಂದೆ ನಮ್ಮೂರಿನಲ್ಲಿಯೇ ಮೆಡಿಕಲ್ ಸ್ಟೋರ್ ನಡೆಸುತ್ತಾನೆ. ಆತನ ಹೆಸರು ಬರೆಯುವುದಿಲ್ಲ. ಈ ಪುಟವನ್ನು ಓದುವ ಅವನ ಸಹಪಾಠಿಗಳಿಗೆ ಅಷ್ಟು ಹೇಳಿದರೆ ಸಾಕು. ಇಲ್ಲಿ ಬರೆಯುತ್ತಿರುವುದನ್ನೆಲ್ಲ ಅವನ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ವಾದಕ್ಕೆ ಕಾರಣವಾದದ್ದು ಒಂದು ರಟ್ಟಿನ ಪೆಟ್ಟಿಗೆ. ನನ್ನ ರಕ್ತದೊತ್ತಡದ ಮಾತ್ರೆಗಳನ್ನು ಬೆಂಗಳೂರಿನಲ್ಲಿರುವ ನನ್ನ ಮಗ ತನ್ನ ಮೊಬೈಲಿನಿಂದಲೇ ತರಿಸಿ ನಮ್ಮ ವಿಳಾಸಕ್ಕೆ ಕಳುಹಿಸುತ್ತಾನೆ. ಹಬ್ಬವೆಂದೂ ನೋಡದೆ ಅದು ಅಂದೇ ಬಂದಿತು. ಡಿ.ಫಾರ್ಮ್. ಹುಡುಗ ಆ ಪೆಟ್ಟಿಗೆಯನ್ನು ನೋಡಿ, "ಮೇಷ್ಟ್ರೇ, ನೀವೂ ಆನ್‌ಲೈನಲ್ಲೇ ತರಿಸ್ತೀರಾ?" ಎಂದು ಕೇಳಿದ. ಕೇಳಿದ ರೀತಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ಚರಿತ್ರೆಯ ಪಾಠ ಹೇಳಿದವನಿಗೆ ಯಾವ ಜಗಳವನ್ನು ಕಂಡರೂ ಅದರ ಮೂಲವನ್ನು ಹುಡುಕುವ ಚಟ ಬಿಡುವುದಿಲ್ಲ. ಆ ಮಕ್ಕಳ ಮಾತನ್ನು ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನನ್ನ ಬಾಲ್ಯವೆಂದರೆ 1950ರ ದಶಕ. ಆಗ ಔಷಧವೆಂದರೆ ಅಂಗಡಿಯ ವಸ್ತುವಾಗಿರಲಿಲ್ಲ. ಡಿಸ್ಪೆನ್ಸರಿಯ ಗೋಡೆಯಲ್ಲಿದ್ದ ಒಂದು ಕಿಟಕಿಯಿಂದ ಬರುವ ಪದಾರ್ಥವಾಗಿತ್ತು. ಸೀಸೆಯನ್ನು ನಾವೇ ಮನೆಯಿಂದ ತೊಳೆದು ಒಯ್ಯಬೇಕು. ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಅದನ್ನು ಕಿಟಕಿಯೊಳಗೆ ನೀಡಬೇಕು. ಒಳಗೆ ಕಾಂಪೌಂಡರರು ದೊಡ್ಡ ದೊಡ್ಡ ಬಾಟಲಿಗಳಿಂದ ಅಳೆದು ಬೆರೆಸಿ, ಗುಲಾಬಿ ಬಣ್ಣದ ಮಿಕ್ಸ್ಚರನ್ನು ನಮ್ಮ ಸೀಸೆಗೆ ತುಂಬಿ, ಕತ್ತರಿಯಿಂದ ಕಚ್ಚು ಹಾಕಿದ ಕಾಗದದ ಪಟ್ಟಿಯೊಂದನ್ನು ಸೀಸೆಯ ಪಕ್ಕಕ್ಕೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಓದಲು ಬಾರದ ನನ್ನ ಅಜ್ಜಿಗೂ ಆ ಲೆಕ್ಕ ತಪ್ಪುತ್ತಿರಲಿಲ್ಲ. ಪುಡಿಯಾದರೆ ಕಾಗದದಲ್ಲಿ ಒಂದೇ ಅಳತೆಯ ಪೊಟ್ಟಣಗಳನ್ನು ಮಡಿಸಿಕೊಡುತ್ತಿದ್ದರು. ಕೊಡುವಾಗ ಹೇಳುವ ಮಾತೊಂದಿರುತ್ತಿತ್ತು: "ಕುಲುಕಿ ಕುಡಿಯಿರಿ, ಖಾಲಿ ಹೊಟ್ಟೆಗೆ ಬೇಡ, ಜ್ವರ ಬಿಡದಿದ್ದರೆ ನಾಡಿದ್ದು ಬನ್ನಿ." ಅದೇ ಮಾತನ್ನು ದಿನಕ್ಕೆ ನೂರು ಸಲ ಹೇಳಿದ ಆ ಮನುಷ್ಯ ನೂರನೆಯ ಸಲವೂ ಹೇಳುತ್ತಿದ್ದರು. ಊರಿನವರು ಅವರನ್ನು ಅರ್ಧ ಡಾಕ್ಟರೆಂದೇ ಕರೆಯುತ್ತಿದ್ದರು. ಅವರು ಯಾವ ಕಾಲೇಜಿನಲ್ಲಿ ಓದಿದ್ದರೆಂದು ಯಾರೂ ಕೇಳಿದ್ದಿಲ್ಲ.

ಹಾಗೆಂದು ಆ ಕಾಲವೆಲ್ಲ ಚಿನ್ನವೆಂದು ನಾನು ಹೇಳಲಾರೆ. ಕಿಟಕಿಯ ಆಚೆ ಇನ್ನೊಂದು ಮಾರ್ಗದಲ್ಲಿಯೂ ಔಷಧ ಬರುತ್ತಿತ್ತು, ಅದು ಅಂಚೆ. ಮನೆಬಾಗಿಲಿಗೆ ಔಷಧ ಬರುವುದು ಈ ಇಪ್ಪತ್ತೊಂದನೆಯ ಶತಮಾನದ ಸೋಜಿಗವೆಂದು ನಮ್ಮ ಹುಡುಗರು ತಿಳಿದಿದ್ದಾರೆ. 1892ರಲ್ಲಿಯೇ ಬಂಗಾಳದಲ್ಲಿ ಸರ್ಕಾರವು ಮಲೇರಿಯಾಕ್ಕೆ ಕ್ವಿನೈನಿನ ಪುಟ್ಟ ಪೊಟ್ಟಣಗಳನ್ನು ಅಂಚೆ ಕಚೇರಿಗಳ ಮೂಲಕ ಒಂದು ಪೈಸೆಗೆ ಮಾರಲಾರಂಭಿಸಿತ್ತು. ವೈದ್ಯರೇ ಇಲ್ಲದ ಹಳ್ಳಿಗೂ ಅಂಚೆಯವನು ಹೋಗುತ್ತಾನಲ್ಲ ಎಂಬ ಯೋಚನೆ ಅದರ ಹಿಂದಿತ್ತು. ಒಳ್ಳೆಯ ಯೋಚನೆಯೇ. ಅದಕ್ಕೂ ಮೊದಲು, 1877ರಲ್ಲಿ, ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವ ವಿ.ಪಿ.ಪಿ. ವ್ಯವಸ್ಥೆ ನಮ್ಮ ದೇಶದ ಅಂಚೆಯಲ್ಲಿ ಆರಂಭವಾಗಿತ್ತು. ಸರ್ಕಾರದ ಕ್ವಿನೈನ್ ಹೋದ ದಾರಿಯಲ್ಲಿಯೇ ಖಾಸಗಿಯವರ ಟಾನಿಕ್ಕುಗಳೂ, ಲೇಹ್ಯಗಳೂ, ಧಾತುಪುಷ್ಟಿಯ ಗುಳಿಗೆಗಳೂ ಹೋದವು. ಪಂಚಾಂಗದ ಹಿಂದಿನ ಪುಟ, ಪತ್ರಿಕೆಯ ಮೂಲೆ, ಎಲ್ಲೆಲ್ಲಿಯೂ ಅವುಗಳ ಜಾಹೀರಾತೇ. ಒಂದು ಕಾರ್ಡು ಬರೆದರೆ ಸಾಕು, ಸಕಲ ರೋಗಕ್ಕೂ ಪರಿಹಾರ ಬಾಗಿಲಿಗೆ ಬರುತ್ತದೆ. ನಮ್ಮ ದೂರದ ಸಂಬಂಧಿಯೊಬ್ಬರು ಹೀಗೆ ತರಿಸಿದ ಸೀಸೆಗಳ ಸಾಲೇ ಅಟ್ಟದ ಮೇಲಿತ್ತು; ಅವರಿಗಿದ್ದ ಕಾಯಿಲೆ ಮಾತ್ರ ಅವರೊಡನೆಯೇ ಹೋಯಿತು. ಇಂಥ ಜಾಹೀರಾತುಗಳಿಗೆ ಕಡಿವಾಣ ಹಾಕಲೆಂದೇ ಸ್ವತಂತ್ರ ಭಾರತ 1954ರಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯನ್ನು ತರಬೇಕಾಯಿತು.

ಔಷಧಕ್ಕೂ ರೋಗಿಗೂ ನಡುವೆ ಒಬ್ಬ ಬಲ್ಲವನು ನಿಲ್ಲಬೇಕೆಂಬ ವಿಚಾರ ನಮ್ಮ ದೇಶದಲ್ಲಿ ಕಾನೂನಿನ ರೂಪ ಪಡೆಯಲು ಬಹಳ ಕಾಲ ಹಿಡಿಯಿತು. 1920ರ ದಶಕದಲ್ಲಿ ಪೇಟೆಯಲ್ಲಿ ಕಲಬೆರಕೆ ಔಷಧಗಳ ಹಾವಳಿ ಮಿತಿಮೀರಿತ್ತು. ಕ್ವಿನೈನ್ ಎಂದು ಮಾರಿದ ಮಾತ್ರೆಯಲ್ಲಿ ಕ್ವಿನೈನ್ ಇರಬೇಕಾದಷ್ಟು ಇರುತ್ತಿರಲಿಲ್ಲ. ದೂರುಗಳು ಹೆಚ್ಚಿದ ಮೇಲೆ 1930ರಲ್ಲಿ ಸರ್ಕಾರವು ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಮರುವರ್ಷ ಅದರ ವರದಿ ಬಂತು. ಔಷಧಗಳ ಗುಣಮಟ್ಟಕ್ಕೆ ಕಾನೂನು ಬೇಕು, ಅವುಗಳನ್ನು ಬೆರೆಸಿ ಕೊಡುವವರಿಗೆ ಶಿಕ್ಷಣ ಬೇಕು ಎಂಬುದು ಅದರ ತಿರುಳು. ವರದಿ ಬಂದ ಮಾತ್ರಕ್ಕೆ ಕಾನೂನು ಬಂದೀತೆ? ಔಷಧ ಕಾಯಿದೆ ಬಂದದ್ದು 1940ರಲ್ಲಿ, ನಿಯಮಗಳು 1945ರಲ್ಲಿ, ಫಾರ್ಮಸಿ ಕಾಯಿದೆ 1948ರಲ್ಲಿ. ಈ ನಡುವೆ ಸರ್ಕಾರಕ್ಕಾಗಿ ಕಾಯದೆ ಪಾಠ ಆರಂಭಿಸಿದವರು ಮಹಾದೇವ ಲಾಲ್ ಶ್ರಾಫ್. 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಅವರು ಔಷಧ ರಸಾಯನಶಾಸ್ತ್ರದ ಬೋಧನೆಗೆ ತೊಡಗಿದರು. 1937ರ ಹೊತ್ತಿಗೆ ಅದು ಬಿ.ಫಾರ್ಮ್. ಪದವಿಯಾಯಿತು. ಭಾರತದ ಫಾರ್ಮಸಿ ಶಿಕ್ಷಣದ ಪಿತಾಮಹರೆಂದು ಅವರನ್ನು ಕರೆಯುವುದು ಉತ್ಪ್ರೇಕ್ಷೆಯಲ್ಲ. ನಮ್ಮ ಕಡೆ ಮಣಿಪಾಲ, ಬೆಂಗಳೂರು, ಬೆಳಗಾವಿಗಳಲ್ಲಿ ಕಾಲೇಜುಗಳು ಹುಟ್ಟಿದ್ದು 1960ರ ದಶಕದಲ್ಲಿ, ಮೈಸೂರಿನ ಜೆ.ಎಸ್.ಎಸ್. ಕಾಲೇಜು 1973ರಲ್ಲಿ.

1948ರ ಕಾಯಿದೆಯಲ್ಲಿ ಎರಡು ಸಂಗತಿಗಳು ನನ್ನ ಗಮನ ಸೆಳೆದವು. ಮೊದಲನೆಯದು, ಫಾರ್ಮಸಿಸ್ಟರ ಪ್ರಥಮ ಪಟ್ಟಿಯನ್ನು ತಯಾರಿಸುವಾಗ ಓದಿದವರನ್ನಷ್ಟೇ ಸೇರಿಸಲಿಲ್ಲ. ಆಸ್ಪತ್ರೆಯಲ್ಲಿಯೋ ಡಿಸ್ಪೆನ್ಸರಿಯಲ್ಲಿಯೋ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಔಷಧ ಬೆರೆಸಿದ ಅನುಭವವಿದ್ದವರಿಗೂ ಅದರಲ್ಲಿ ಸ್ಥಾನವಿತ್ತು. ನಮ್ಮ ಕಿಟಕಿಯ ಕಾಂಪೌಂಡರರಂಥವರು ಕಾನೂನಿನ ಕಣ್ಣಿಗೆ ಫಾರ್ಮಸಿಸ್ಟರಾದದ್ದು ಹೀಗೆ. ಎರಡನೆಯದು 42ನೆಯ ಕಲಮು. ವೈದ್ಯರ ಚೀಟಿಯ ಮೇಲೆ ಔಷಧವನ್ನು ಬೆರೆಸಿ ಅಥವಾ ವಿತರಿಸಿ ಕೊಡುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟನಲ್ಲದೆ ಬೇರೆಯವರು ಮಾಡಕೂಡದೆಂದು ಅದು ಹೇಳುತ್ತದೆ. ವೈದ್ಯರು ತಮ್ಮ ರೋಗಿಗೆ ತಾವೇ ಕೊಡುವುದಕ್ಕೆ ಮಾತ್ರ ವಿನಾಯಿತಿ. ಕಾಯಿದೆಯಾದದ್ದು 1948ರಲ್ಲಿ, ಈ ಕಲಮು ದೇಶಕ್ಕೆಲ್ಲ ಗಟ್ಟಿಯಾಗಿ ಅನ್ವಯವಾಗುವಷ್ಟರಲ್ಲಿ 1984 ಬಂದಿತ್ತು. ಅಷ್ಟು ಹೊತ್ತಿಗೆ ಔಷಧ ಬೆರೆಸುವ ಕೆಲಸವೇ ಹೆಚ್ಚುಕಡಿಮೆ ಮುಗಿದಿತ್ತು. ಮಾತ್ರೆಗಳು ಕಾರ್ಖಾನೆಯಿಂದಲೇ ಪಟ್ಟಿಪಟ್ಟಿಯಾಗಿ ಬರತೊಡಗಿದ್ದವು. ಕಿಟಕಿಯ ಹಿಂದಿದ್ದ ಮನುಷ್ಯನಿಗೆ ಅಳೆಯುವ ಕೆಲಸ ಹೋಗಿ, ಹೇಳುವ ಕೆಲಸವೊಂದು ಉಳಿಯಿತು.

ಅದನ್ನೂ ನಾವು ಉಳಿಸಿಕೊಳ್ಳಲಿಲ್ಲ. ಔಷಧದ ಅಂಗಡಿಗಳು ಬೀದಿಬೀದಿಗೆ ಹೆಚ್ಚಿದಂತೆ ಒಂದು ವಿಚಿತ್ರ ಪದ್ಧತಿ ಬೆಳೆಯಿತು. ಬಲ್ಲವರಿಗೆ ಇದು ಗುಟ್ಟೇನಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಫಾರ್ಮಸಿಸ್ಟನ ಪ್ರಮಾಣಪತ್ರ. ಪ್ರಮಾಣಪತ್ರದ ಒಡೆಯ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿ. ಕೌಂಟರಿನಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗ. ಪ್ರಮಾಣಪತ್ರಕ್ಕೆ ತಿಂಗಳಿಗಿಷ್ಟು ಎಂದು ಬಾಡಿಗೆ. 2022ರ ನವೆಂಬರ್ ತಿಂಗಳಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ನೋಂದಾಯಿತ ಫಾರ್ಮಸಿಸ್ಟರಿಲ್ಲದೆಯೋ ನಕಲಿ ಫಾರ್ಮಸಿಸ್ಟರಿಂದಲೋ ಆಸ್ಪತ್ರೆ, ಔಷಧಾಲಯಗಳು ನಡೆಯುವುದನ್ನು ತಡೆಯುವುದು ರಾಜ್ಯದ ಹೊಣೆಯೆಂದು ಕಟುವಾಗಿ ಹೇಳಬೇಕಾಗಿ ಬಂದದ್ದು ಸುಮ್ಮನೆಯಲ್ಲ. ಇತ್ತ ಶಿಕ್ಷಣ ಮಾತ್ರ ಮೇಲೇರುತ್ತಲೇ ಇತ್ತು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ಬಂತು. 2015ರ ಜನವರಿಯಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದೂ ಫಾರ್ಮಸಿಸ್ಟನ ಕರ್ತವ್ಯವೆಂದು ಬರೆದವು. ಕಾಗದದ ಮೇಲೆ ಅವನು ಎತ್ತರವಾದಷ್ಟೂ ಅಂಗಡಿಯಲ್ಲಿ ಕಾಣದಾದ.

ಆನ್‌ಲೈನ್ ಔಷಧಾಲಯಗಳು ಕಾಲಿಟ್ಟದ್ದು ಇಂಥ ಖಾಲಿ ಕುರ್ಚಿಯ ಮುಂದೆ.

ಹೊರದೇಶಗಳಲ್ಲಿ ಅವು ಹುಟ್ಟಿದ್ದು 1990ರ ದಶಕದ ಕೊನೆಗೆ. ಅಮೆರಿಕದಲ್ಲಿ 1999ರ ಹೊತ್ತಿಗೆ ಇಂಟರ್‌ನೆಟ್ ಔಷಧದಂಗಡಿಗಳು ಸಾಲುಗಟ್ಟಿದವು. 2001ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ರಯಾನ್ ಹೇಟ್ ಎಂಬ ಹದಿನೆಂಟು ವರ್ಷದ ಹುಡುಗ ಹೀಗೆ ತರಿಸಿದ ಅಫೀಮು ಜಾತಿಯ ನೋವಿನ ಮಾತ್ರೆಯಿಂದ ತೀರಿಹೋದ. ಚೀಟಿ ಬರೆದ ವೈದ್ಯ ಅವನ ಮುಖವನ್ನೇ ನೋಡಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಹಿಡಿದ ಹಟದಿಂದ 2008ರಲ್ಲಿ ಅವನ ಹೆಸರಿನದೇ ಕಾನೂನು ಬಂತು: ಅಂಥ ಔಷಧವನ್ನು ಇಂಟರ್‌ನೆಟ್ ಮೂಲಕ ಕೊಡಬೇಕಾದರೆ ವೈದ್ಯನು ರೋಗಿಯನ್ನು ಒಮ್ಮೆಯಾದರೂ ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿರಬೇಕು. ಯೂರೋಪಿನ ಕಥೆ ಬೇರೆ ತೆರನಾದದ್ದು. ಹಾಲೆಂಡಿನಲ್ಲಿ ಕುಳಿತು ಜರ್ಮನಿಗೆ ಅಂಚೆಯಲ್ಲಿ ಔಷಧ ಕಳುಹಿಸುತ್ತಿದ್ದ ಡಾಕ್‌ಮಾರಿಸ್ ಎಂಬ ಸಂಸ್ಥೆಯ ಮೇಲೆ ಜರ್ಮನಿಯ ಔಷಧ ವ್ಯಾಪಾರಿಗಳ ಸಂಘ ದಾವೆ ಹೂಡಿತು. 2003ರ ಡಿಸೆಂಬರ್‌ನಲ್ಲಿ ಯೂರೋಪಿನ ನ್ಯಾಯಾಲಯ ಮಧ್ಯಮ ಮಾರ್ಗದ ತೀರ್ಪು ಕೊಟ್ಟಿತು. ಚೀಟಿ ಬೇಡದ ಔಷಧಗಳ ಅಂಚೆ ಮಾರಾಟವನ್ನು ನಿಷೇಧಿಸುವಂತಿಲ್ಲ, ಚೀಟಿ ಬೇಕಾದವನ್ನು ಬೇಕಿದ್ದರೆ ನಿಷೇಧಿಸಬಹುದು ಎಂದಿತು. ಜರ್ಮನಿ ಮರುವರ್ಷವೇ ಎರಡಕ್ಕೂ ಬಾಗಿಲು ತೆರೆಯಿತು, ಆದರೆ ನಿಯಮ ಹಾಕಿ ತೆರೆಯಿತು. ಅಲ್ಲಿ ಮೊದಲು ತೀರ್ಮಾನ, ಆಮೇಲೆ ವ್ಯಾಪಾರ.

ನಮ್ಮಲ್ಲಿ ಮೊದಲು ವ್ಯಾಪಾರ. ತೀರ್ಮಾನದ ಕಥೆಯನ್ನು ಓದುಗರೇ ನೋಡಲಿ. 2015ರ ಹೊತ್ತಿಗೆ ಬೆಂಗಳೂರು, ಮುಂಬಯಿ, ದೆಹಲಿಗಳಲ್ಲಿ ಹಲವು ಸಂಸ್ಥೆಗಳು ಮೊಬೈಲಿನಲ್ಲಿ ಔಷಧ ಮಾರತೊಡಗಿದ್ದವು. ಆ ವರ್ಷದ ಅಕ್ಟೋಬರ್ 14ರಂದು ದೇಶದ ಔಷಧ ವ್ಯಾಪಾರಿಗಳು ಬಂದ್ ಮಾಡಿದರು. 2017ರ ಮೇ 30ರಂದು ಮತ್ತೆ, 2018ರ ಸೆಪ್ಟೆಂಬರ್ 28ರಂದು ಮತ್ತೆ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕರಡು ನಿಯಮಗಳನ್ನು ಪ್ರಕಟಿಸಿತು. ಕೇಂದ್ರದಲ್ಲಿ ನೋಂದಣಿ, ಮಾದಕ ಔಷಧಗಳಿಗೆ ನಿಷೇಧ, ಗ್ರಾಹಕರ ಪ್ರಶ್ನೆಗೆ ಉತ್ತರಿಸಲು ನೋಂದಾಯಿತ ಫಾರ್ಮಸಿಸ್ಟ್ ಇರಬೇಕು ಎಂಬಿತ್ಯಾದಿ ಅದರಲ್ಲಿದ್ದವು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಪರವಾನಗಿಯಿಲ್ಲದ ಆನ್‌ಲೈನ್ ಮಾರಾಟವನ್ನು ತಡೆಯಿರಿ ಎಂದಿತು. ಐದೇ ದಿನಕ್ಕೆ ಮದರಾಸು ಹೈಕೋರ್ಟಿನ ಏಕಸದಸ್ಯ ಪೀಠವೂ ಅದನ್ನೇ ಹೇಳಿತು. 2019ರ ಜನವರಿ 2ರಂದು ಅಲ್ಲಿಯ ವಿಭಾಗೀಯ ಪೀಠ ಆ ಆಜ್ಞೆಗೆ ತಡೆ ನೀಡಿತು. ಆಮೇಲೆ ಕೊರೋನಾ. ಲಾಕ್‌ಡೌನ್ ಆರಂಭವಾದ ಮರುದಿನ, 2020ರ ಮಾರ್ಚ್ 26ರಂದು, ಪರವಾನಗಿಯುಳ್ಳ ಅಂಗಡಿಯವರು ತಮ್ಮದೇ ಜಿಲ್ಲೆಯೊಳಗೆ ಮನೆಬಾಗಿಲಿಗೆ ಔಷಧ ತಲುಪಿಸಬಹುದೆಂಬ ಅಧಿಸೂಚನೆ ಹೊರಟಿತು. ಆಪತ್ಕಾಲಕ್ಕೆಂದು ತೆರೆದ ಆ ಕಿಂಡಿಯೊಳಗೆ ಆನೆಗಳು ಹಾದವು. ಅದೇ ಆಗಸ್ಟ್‌ನಲ್ಲಿ ರಿಲಯನ್ಸ್ 620 ಕೋಟಿ ರೂಪಾಯಿಗೆ ನೆಟ್‌ಮೆಡ್ಸ್‌ನ ಬಹುಪಾಲನ್ನು ಕೊಂಡಿತು. 2021ರಲ್ಲಿ ಟಾಟಾದವರು 1ಎಂಜಿಯನ್ನು ತೆಗೆದುಕೊಂಡರು. ಬೆಂಗಳೂರಿನ ಮೆಡ್‌ಲೈಫ್ ಫಾರ್ಮ್‌ಈಸಿಯಲ್ಲಿ ವಿಲೀನವಾಯಿತು. 2023ರ ಫೆಬ್ರವರಿಯಲ್ಲಿ ಔಷಧ ನಿಯಂತ್ರಕರು ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳಿಗೆ ಕಾರಣ ಕೇಳಿ ನೋಟೀಸು ಕೊಟ್ಟರು. ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟು ನೀತಿ ರೂಪಿಸಲು ಎಂಟು ವಾರಗಳ ಗಡುವು ವಿಧಿಸಿತು. 2018ರ ಕರಡು ಕರಡಾಗಿಯೇ 2024ನ್ನೂ ಕಂಡಿತು. ಪರೀಕ್ಷೆಯಲ್ಲಿ ಇಂಥ ಉತ್ತರ ಬರೆದ ವಿದ್ಯಾರ್ಥಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂಬುದು ನಿಮಗೆ ಗೊತ್ತು.

ಈಗ ಯುಗಾದಿಯ ಮಧ್ಯಾಹ್ನಕ್ಕೆ ಮರಳೋಣ.

ಡಿ.ಫಾರ್ಮ್. ಹುಡುಗ ಲೆಕ್ಕದಿಂದ ಆರಂಭಿಸಿದ. "ಮೇಷ್ಟ್ರೇ, ಸರ್ಕಾರ ಬೆಲೆ ಕಟ್ಟಿದ ಔಷಧದಲ್ಲಿ ಅಂಗಡಿಯವನಿಗೆ ಬಿಡೋದು ನೂರಕ್ಕೆ ಹದಿನಾರು. ಉಳಿದದ್ದರಲ್ಲಿ ಇಪ್ಪತ್ತು ಅಂತ ವಾಡಿಕೆ. ಅವರು ಗಿರಾಕಿಗೇ ಇಪ್ಪತ್ತು ಬಿಡ್ತಾರೆ. ನಾವು ಎಲ್ಲಿಂದ ಬಿಡೋದು?" ಹದಿನಾರರ ಲೆಕ್ಕ 2013ರ ಬೆಲೆ ನಿಯಂತ್ರಣ ಆದೇಶದಲ್ಲಿರುವುದೇ, ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅವನ ಮಾತು ಅಲ್ಲಿಗೆ ನಿಲ್ಲಲಿಲ್ಲ. ರಾತ್ರಿ ಹನ್ನೊಂದಕ್ಕೆ ಮಗುವಿನ ಜ್ವರಕ್ಕೆಂದು ಬಾಗಿಲು ಬಡಿದರೆ ಅಪ್ಪ ಎದ್ದು ಹೋಗುತ್ತಾರೆ. ಹತ್ತು ಮಾತ್ರೆ ಕೊಳ್ಳಲಾಗದ ಕೂಲಿಯವನಿಗೆ ಪಟ್ಟಿಯಿಂದ ಎರಡು ಕತ್ತರಿಸಿ ಕೊಡುತ್ತಾರೆ. ಸಾಲದ ಪುಸ್ತಕ ಬೇರೆ. "ಆ್ಯಪು ಸಾಲ ಕೊಡತ್ತಾ ಮೇಷ್ಟ್ರೇ? ನಮಗೆ ನಮ್ಮ ಜನ ಗೊತ್ತು. ಅವರಿಗೆ ಬರೀ ಪಿನ್‌ಕೋಡು ಗೊತ್ತು" ಎಂದ. ಎರಡು ವರ್ಷ ಓದಿ ಅಪ್ಪನ ಅಂಗಡಿಯಲ್ಲಿ ಕೂರಬೇಕೆಂದಿರುವ ಹುಡುಗನಿಗೆ, ತಾನು ಕೂರುವ ಹೊತ್ತಿಗೆ ಅಂಗಡಿ ಇರುತ್ತದೆಯೇ ಎಂಬ ಭಯ.

ಬಿ.ಫಾರ್ಮ್. ಹುಡುಗನಿಗೆ ಆ ಭಯವಿಲ್ಲ. ಅವನು ಬೆಂಗಳೂರಿನ ಹೊರವಲಯದಲ್ಲಿ ಅಂಥದೊಂದು ಸಂಸ್ಥೆಯ ಗೋದಾಮಿನಲ್ಲಿ ಕೆಲವು ವಾರ ತರಬೇತಿ ಪಡೆದು ಬಂದಿದ್ದ. ಅಲ್ಲಿಯ ಶಿಸ್ತನ್ನು ಅವನು ವರ್ಣಿಸಿದಾಗ ನನಗೂ ಮೆಚ್ಚುಗೆಯಾಯಿತು. ಪ್ರತಿ ಮಾತ್ರೆಪಟ್ಟಿಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಹೋದ ಮನೆ ಎಲ್ಲವೂ ಕಂಪ್ಯೂಟರಿನಲ್ಲಿ. ನಾಳೆ ಯಾವುದೋ ಬ್ಯಾಚು ಕೆಟ್ಟದ್ದೆಂದು ಗೊತ್ತಾದರೆ ಅದು ಯಾವ ಯಾವ ಮನೆಯಲ್ಲಿದೆಯೆಂದು ನಿಮಿಷದಲ್ಲಿ ಹೇಳಬಹುದು. ಸಾಲದ ಪುಸ್ತಕವಿಟ್ಟ ಅಂಗಡಿಗೆ ಅದು ಸಾಧ್ಯವೇ? ಆದರೆ ಫಾರ್ಮಸಿಸ್ಟ್ ಮಾಡುವುದೇನೆಂದು ಕೇಳಿದೆ. ಕಂಪ್ಯೂಟರಿನ ಮುಂದೆ ಕುಳಿತು ಒಂದಾದ ಮೇಲೊಂದು ಚೀಟಿಯ ಚಿತ್ರ ನೋಡಿ ಸರಿ ಅಥವಾ ತಪ್ಪು ಒತ್ತುವುದು ಎಂದ. ರೋಗಿಯ ಮುಖವಿಲ್ಲ, ಧ್ವನಿಯೂ ಅಪರೂಪ. "ನಾಳೆ ಆ ಕೆಲಸಾನೂ ಯಂತ್ರವೇ ಮಾಡಬಹುದು ತಾತ, ನನಗೆ ಗೊತ್ತು" ಎಂದವನು, ಸ್ವಲ್ಪ ತಡೆದು, ಡಿ.ಫಾರ್ಮ್. ಹುಡುಗನ ಕಡೆ ತಿರುಗಿ ಹೇಳಿದ: "ಆದರೆ ನೋಡಪ್ಪ, ಎಷ್ಟೋ ಅಂಗಡೀಲಿ ಸಂಬಳ ನನ್ನ ಸರ್ಟಿಫಿಕೇಟಿಗೆ. ಅಲ್ಲಿ ಸಂಬಳ ನನಗೆ."

ಇದಕ್ಕೆ ಯಾರೂ ಉತ್ತರ ಹೇಳಲಿಲ್ಲ. ನನಗಂತೂ ಎಂಬತ್ತು ವರ್ಷದ ಫಾರ್ಮಸಿಯ ಇತಿಹಾಸವನ್ನು ಆ ಹುಡುಗ ಎರಡು ವಾಕ್ಯದಲ್ಲಿ ಮುಗಿಸಿದನೆನಿಸಿತು.

ಅಷ್ಟು ಹೊತ್ತೂ ಮಾತನಾಡದೆ ಕುಳಿತಿದ್ದವಳು ಮೊಮ್ಮಗಳು. ಅವಳ ಓದಿನ ಬಹುಭಾಗ ಆಸ್ಪತ್ರೆಯ ವಾರ್ಡಿನಲ್ಲಿ; ವೈದ್ಯರ ಹಿಂದೆ ನಡೆದು ರೋಗಿಯ ಔಷಧಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಅಭ್ಯಾಸ. ಅವಳು ವಾದಕ್ಕೆ ಇಳಿಯಲಿಲ್ಲ. "ತಾತ, ನೀವು ತಗೊಳ್ಳೋ ಮಾತ್ರೆ ಎಲ್ಲಾ ತನ್ನಿ" ಎಂದಳು. ನಾನು ಹೊಸ ಪೆಟ್ಟಿಗೆಯನ್ನೇ ತೋರಿಸಿದೆ. "ಇದಲ್ಲ, ಎಲ್ಲಾ" ಎಂದಳು. ಬೀರುವಿನಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತಂದು ಮೇಜಿನ ಮೇಲೆ ಸುರಿದೆ.

ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಅದರ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೊಂದು. ಇವೆರಡೂ ಆನ್‌ಲೈನಿನಲ್ಲಿ ಬಂದವು. ಅವುಗಳ ನಡುವೆ ಅರ್ಧ ಖಾಲಿಯಾದ ಡೈಕ್ಲೊಫೆನಾಕ್ ಪಟ್ಟಿಗಳು, ಮೂರೋ ನಾಲ್ಕೋ. ಅವು ಮಂಡಿನೋವಿಗೆ. ಚಳಿಗಾಲದಲ್ಲಿ ಒಮ್ಮೆ ವೈದ್ಯರು ಐದು ದಿನಕ್ಕೆಂದು ಬರೆದುಕೊಟ್ಟಿದ್ದರು. ಆರಾಮವೆನಿಸಿದ್ದರಿಂದ ನಾನು ಐದು ತಿಂಗಳು ಮುಂದುವರಿಸಿದ್ದೆ. ಅವಳು ಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ತೋರಿಸಿ, "ಇದು ಚೀಟಿಯಿಲ್ಲದೆ ಕೊಡೋ ಹಾಗಿಲ್ಲ. ಯಾರು ಕೊಟ್ಟರು ತಾತ?" ಎಂದು ಕೇಳಿದಳು.

ನಾನು ಉತ್ತರಿಸಲಿಲ್ಲ. ಡಿ.ಫಾರ್ಮ್. ಹುಡುಗ ಆ ಪಟ್ಟಿಗಳನ್ನು ನೋಡುತ್ತಿದ್ದ. ಅವುಗಳನ್ನು ಹಾಕಿಕೊಟ್ಟ ಕಾಗದದ ಚೀಲ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಅವನ ತಂದೆಯ ಅಂಗಡಿಯ ಹೆಸರಿತ್ತು. ಕೌಂಟರಿನಲ್ಲಿರುವ ಹುಡುಗನಿಗೆ "ಮೇಷ್ಟ್ರ ಮಂಡಿ ಮಾತ್ರೆ" ಎಂದರೆ ಸಾಕಾಗಿತ್ತು. ಕೊಡುವುದು ಗೌರವವೆಂದೇ ಅವನು ತಿಳಿದಿದ್ದ.

ಆಮೇಲೆ ಅವಳು ವಿವರಿಸಿದ್ದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ, ನನ್ನ ವಯಸ್ಸಿನವರು ಇದನ್ನು ಓದುವುದರಿಂದ. ಟೆಲ್ಮಿಸಾರ್ಟನ್ ಜಾತಿಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಕೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು, ಮುದುಕರಲ್ಲಿ ಇನ್ನೂ ಹೆಚ್ಚು. ಸಾಲದ್ದಕ್ಕೆ ನೋವಿನ ಮಾತ್ರೆ ರಕ್ತದೊತ್ತಡವನ್ನೂ ಏರಿಸುತ್ತದೆ. ಅದು ಏರಿತೆಂದು ಆನ್‌ಲೈನಿನಲ್ಲಿ ಟೆಲ್ಮಿಸಾರ್ಟನ್ನಿನ ಪ್ರಮಾಣವನ್ನು ಹೆಚ್ಚಿಸಿಕೊಂಡದ್ದೂ ಆಗಿತ್ತು! ಆ ಸಂಗತಿಯನ್ನೂ ಹೇಳಿಬಿಡುತ್ತೇನೆ. ಹಳೆಯ ಚೀಟಿಯ ಅವಧಿ ಮುಗಿದಿದೆಯೆಂದು ಆ ಸಂಸ್ಥೆಯ ಕಡೆಯಿಂದ ವೈದ್ಯರೊಬ್ಬರು ಫೋನ್ ಮಾಡಿದ್ದರು. ಹೆಸರು, ವಯಸ್ಸು, ಈಚಿನ ಒತ್ತಡ ಎಷ್ಟು ಎಂದು ಕೇಳಿದರು. ಎರಡು ನಿಮಿಷವೂ ಆಗಿರಲಿಲ್ಲ, ಹೊಸ ಚೀಟಿ ಮಗನ ಮೊಬೈಲಿಗೆ ಬಂದಿತ್ತು. ಬೇರೆ ಏನು ಮಾತ್ರೆ ತೆಗೆದುಕೊಳ್ಳುತ್ತೀರೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂಗಡಿಗೆ ನನ್ನ ಮಂಡಿ ಗೊತ್ತಿತ್ತು, ಆ್ಯಪಿಗೆ ನನ್ನ ರಕ್ತದೊತ್ತಡ ಗೊತ್ತಿತ್ತು. ಇಬ್ಬರೂ ಅವರವರ ಪಾಲಿನ ವ್ಯಾಪಾರವನ್ನು ಮಾಡಿದ್ದರು. ವಿದ್ಯಾವಂತನೆನಿಸಿಕೊಂಡ ನಾನೂ ಅದೇ ಸಾಲಿನಲ್ಲಿದ್ದೇನೆ. ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲಾರೆ.

ಮರುದಿನ ರಕ್ತಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ 1.9 ಇತ್ತು. ನಮ್ಮ ವೈದ್ಯರು ಡೈಕ್ಲೊಫೆನಾಕನ್ನು ಅಂದೇ ನಿಲ್ಲಿಸಿದರು. ಮಂಡಿಗೆ ವ್ಯಾಯಾಮ, ಬಿಸಿನೀರಿನ ಶಾಖ, ತೀರ ಬೇಕಾದರೆ ಪ್ಯಾರಾಸಿಟಮಾಲ್ ಎಂದರು. ಆರು ವಾರದ ಮೇಲೆ ನೋಡಿದಾಗ ಅದು 1.3ಕ್ಕೆ ಇಳಿದಿತ್ತು. ಇನ್ನೂ ಕೆಲವು ತಿಂಗಳು ಹೀಗೆಯೇ ಸಾಗಿದ್ದರೆ ಇಳಿಯುತ್ತಿತ್ತೋ ಇಲ್ಲವೋ ಎಂದು ವೈದ್ಯರು ಹೇಳಿದಾಗ ನನ್ನಾಕೆ ಎದ್ದು ಒಳಗೆ ಹೋದಳು.

ಮೊಮ್ಮಗಳಿಗೆ ಓದು ಮುಗಿದ ಮೇಲೆ ಏನು ಮಾಡುತ್ತೀಯೆಂದು ಕೇಳಿದ್ದೆ. ಆರು ವರ್ಷ ಓದಿದವರಿಗೆ ಕೆಲಸ ಕೊಡುವ ಆಸ್ಪತ್ರೆಗಳು ನಮ್ಮಲ್ಲಿ ಕಡಿಮೆ; ಅವಳ ಹಿರಿಯ ಸಹಪಾಠಿಗಳಲ್ಲಿ ಕೆಲವರು ಹೊರದೇಶದ ಪರೀಕ್ಷೆಗಳಿಗೆ ಕುಳಿತಿದ್ದಾರೆ, ಕೆಲವರು ಕಂಪನಿಗಳಲ್ಲಿ ಔಷಧದ ಅಡ್ಡಪರಿಣಾಮಗಳ ವರದಿ ಬರೆಯುತ್ತಿದ್ದಾರೆ. ಆನ್‌ಲೈನ್ ಸಂಸ್ಥೆಯೊಂದು ಕರೆದರೆ ಹೋಗುತ್ತೀಯಾ ಎಂದೆ. "ಫೋನಿನಲ್ಲಿ ಆ ಕಡೆಯವರ ಡಬ್ಬಿ ಸುರಿಸೋದಕ್ಕೆ ಹತ್ತು ನಿಮಿಷ ಕೊಟ್ಟರೆ ಹೋಗ್ತೀನಿ ತಾತ. ಕೊಡಲ್ಲ. ಹತ್ತು ನಿಮಿಷದಲ್ಲಿ ಅವರು ಮಾತ್ರೇನೇ ಮನೆಗೆ ತಲುಪಿಸಬೇಕಂತೆ" ಎಂದು ನಕ್ಕಳು. ಆ ನಗುವಿನಲ್ಲಿ ಸಂತೋಷವಿರಲಿಲ್ಲ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಾಗ ಅವನೇ ಕೂಗಿ ಕರೆದ. ರಜೆಗೆ ಬಂದಿದ್ದ ಮಗ ಕೌಂಟರಿನಲ್ಲಿದ್ದ. ಸಾಲದ ಪುಸ್ತಕದ ಪಕ್ಕದಲ್ಲಿ ಉದ್ದನೆಯ ಇನ್ನೊಂದು ನೋಟ್‌ಪುಸ್ತಕವಿತ್ತು; ಅರವತ್ತು ದಾಟಿದ ಗಿರಾಕಿಗಳ ಹೆಸರು, ಅವರು ಎಲ್ಲೆಲ್ಲಿಂದ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂಬ ವಿವರ, ಗೆರೆ ಎಳೆದು ಬರೆದಿದ್ದ. ಆಯುರ್ವೇದದ ಲೇಹ್ಯಕ್ಕೂ ಒಂದು ಕಲಂ ಇತ್ತು. ಮೊದಲ ಪುಟದಲ್ಲಿ ನನ್ನ ಹೆಸರು. ಅಕ್ಷರ ಅಪ್ಪನ ಹಾಗೆಯೇ ಕೆಟ್ಟದಾಗಿತ್ತು. ನಾನು ಮಂಡಿಗೆ ಹಚ್ಚುವ ಮುಲಾಮು ಕೇಳಿದೆ. ಹುಡುಗ ಅದನ್ನು ಕಪಾಟಿನಿಂದ ತೆಗೆದ, ಕೈಯಲ್ಲೇ ಹಿಡಿದುಕೊಂಡ, ನೋಟ್‌ಪುಸ್ತಕ ಬಿಡಿಸಿದ.

"ಮೇಷ್ಟ್ರೇ, ಆನ್‌ಲೈನಲ್ಲಿ ಬರೋದು ಈಗ್ಲೂ ಅವೇ ಎರಡಾ, ಬದಲಾಗಿದೆಯಾ?" ಎಂದು ಕೇಳಿ ಪೆನ್ನು ತೆರೆದ.